ಒಂದು ಗೇಣು ಜಾಗ

ಸಾನಪಾಡಾದ ಆ ಒಂದು ಬೆಡ್‌ರೂಮಿನ ಮನೆಯಲ್ಲಿ ಸೋಫಾ ಇಡಬೇಕಾದ ಗೋಡೆಗೆ ಗಾಜಿನ ತೊಟ್ಟಿ ಇತ್ತು. ಎರಡೂವರೆ ಅಡಿ ಉದ್ದ, ನೂರಿಪ್ಪತ್ತು ಲೀಟರ್ ಉಪ್ಪುನೀರು, ಮೇಲೊಂದು ನೀಲಿ ದೀಪ. ಬಂದ ನೆಂಟರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಇಷ್ಟು ದೊಡ್ಡ ತೊಟ್ಟಿಗೆ ಮೀನು ಎರಡೇ ಉಂಟಲ್ಲ" ಎಂದು ಹೇಳಿ, ಚಾ ಕುಡಿದು ಹೋಗುತ್ತಿದ್ದರು. ಉಳಿದದ್ದೆಲ್ಲ ಕಲ್ಲಿಗೆ ಅಂಟಿದ ಗಿಡವೆಂದೇ ಅವರು ತಿಳಿದಿದ್ದರು. ಅದು ಗಿಡವಲ್ಲ, ಹವಳ, ಜೀವ ಇರುವ ಪ್ರಾಣಿ, ಅದಕ್ಕೂ ಬಾಯಿ ಹೊಟ್ಟೆ ಉಂಟು ಎಂದು ಅವರಿಗೆ ಬಿಡಿಸಿ ಹೇಳಬೇಕಾದವನು ಬೆಡ್‌ರೂಮಿನ ಒಳಗೆ ಚಿಲಕ ಹಾಕಿಕೊಂಡಿರುತ್ತಿದ್ದ.

ಅವನು ಅಕ್ಷಿತ್, ಜಯಲತಾಳ ಒಬ್ಬನೇ ಮಗ, ಇಪ್ಪತ್ತಮೂರು ವರ್ಷ. ಇಂಜಿನಿಯರಿಂಗಿನ ಮೂರನೇ ವರ್ಷದಲ್ಲಿ ಎರಡು ವಿಷಯ ಹೋದವು, ಆಮೇಲೆ ನಾಲ್ಕು, ಆಮೇಲೆ ಅವನು ಪರೀಕ್ಷೆಗೇ ಹೋಗಲಿಲ್ಲ. ಜೊತೆಯ ಹುಡುಗರು ಐರೋಲಿಯ ಆಫೀಸುಗಳಿಗೆ ಕತ್ತಿಗೆ ಕಾರ್ಡು ನೇತುಹಾಕಿಕೊಂಡು ಹೋಗತೊಡಗಿದ ಮೇಲೆ ಇವನು ಮೆಟ್ಟಿಲು ಇಳಿಯುವುದನ್ನೂ ಬಿಟ್ಟ. ದೊಡ್ಡ ಪೆಟ್ಟು ಯಾವುದೂ ಬಿದ್ದಿರಲಿಲ್ಲ. ಯಾರೂ ಸತ್ತಿರಲಿಲ್ಲ, ಯಾವ ಹುಡುಗಿಯೂ ಕೈಕೊಟ್ಟಿರಲಿಲ್ಲ. ಏನೂ ಆಗದೆ ಹೀಗಾದದ್ದಕ್ಕೇ ಜಯಲತಾಳಿಗೆ ಯಾರಲ್ಲಿ ಏನು ಹೇಳಬೇಕೆಂದು ಗೊತ್ತಾಗುತ್ತಿರಲಿಲ್ಲ.

ವಾಶಿಯ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಒತ್ತಾಯ ಮಾಡಬೇಡಿ, ಅವನಿಗೆ ಸ್ವಲ್ಪ ಜಾಗ ಕೊಡಿ" ಎಂದಿದ್ದರು.

"ಜಾಗ ಕೊಡ್ಲಿಕ್ಕೆ ಇದೇನು ಬಂಗ್ಲೆಯಾ ಮಾರಾಯ್ತಿ?" ಎಂದು ಗಂಡ ಜಯಶೀಲ ರಿಕ್ಷಾದಲ್ಲೇ ಗೊಣಗಿದ್ದ. "ಬೆಡ್‌ರೂಮು ಅವನಿಗೆ, ಗೋಡೆ ಅವನ ತೊಟ್ಟಿಗೆ. ನಾವು ಇಬ್ರು ಗ್ಯಾಸಿನ ಸಿಲಿಂಡರಿನ ಹತ್ರ ಮಲಗುದು. ಇನ್ನೂ ಎಷ್ಟು ಜಾಗ ಬೇಕಂತೆ ಅವ್ರಿಗೆ?"

ಜಯಶೀಲ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ನಾಲ್ಕು ಜನರ ಮೇಜಿಗೆ ಆರು ಜನರನ್ನು ಕೂರಿಸುವುದರಲ್ಲಿ ಅವನದು ಎತ್ತಿದ ಕೈ. "ಥೋಡಾ ಅಡ್ಜಸ್ಟ್ ಕರೋ" ಎಂಬುದನ್ನು ಅವನು ದಿನಕ್ಕೆ ನೂರು ಸಲ ಹೇಳುತ್ತಿದ್ದ, ಯಾರೂ ಇಲ್ಲವೆನ್ನುತ್ತಿರಲಿಲ್ಲ. ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವನಾಗಿ ತುದಿ ಊರಿಕೊಂಡು ಮೂವತ್ತು ವರ್ಷ ಲೋಕಲ್ ಟ್ರೇನಿನಲ್ಲಿ ಓಡಾಡಿದವನಿಗೆ, ಒಬ್ಬ ಮನುಷ್ಯನಿಗೆ ಇಡೀ ಕೋಣೆ ಯಾಕೆ ಬೇಕಾಗುತ್ತದೆಂಬುದು ತಿಳಿಯುತ್ತಿರಲಿಲ್ಲ. ಕೆಟ್ಟವನಲ್ಲ. ಆದರೆ ಮಗನ ಬಾಗಿಲ ಮುಂದೆ ಅವನ ಹೋಟೆಲಿನ ವಿದ್ಯೆ ನಡೆಯುತ್ತಿರಲಿಲ್ಲ, ಅದೇ ಅವನ ಸಿಟ್ಟು.

ಜಯಲತಾಳ ವಿದ್ಯೆ ಬೇರೆ. ಬ್ರಹ್ಮಾವರದ ತವರಿನಿಂದ ಮದುವೆಯ ವರ್ಷ ಮಡಿಲಲ್ಲಿಟ್ಟುಕೊಂಡು ತಂದ ಒಂದು ತಾಮ್ರದ ಕೊಡಪಾನ ಅವಳಲ್ಲಿತ್ತು. ಶುಕ್ರವಾರ ಶುಕ್ರವಾರ ಹುಣಸೆಹುಳಿ ಹಾಕಿ ತಿಕ್ಕಿ ಬೆಳಗುತ್ತಿದ್ದಳು, ದಿನವೂ ಸಂಜೆ ನೀರು ತುಂಬಿಡುತ್ತಿದ್ದಳು. ಬೆಳಿಗ್ಗೆ ಅದರ ಒಂದು ಲೋಟ ನೀರು ಮಗನ ಬಾಗಿಲ ಮುಂದೆ. ಹತ್ತು ಗಂಟೆಗೆ ಲೋಟ ಖಾಲಿಯಾಗಿ ಹೊರಗೆ ಬಂದಿರುತ್ತಿತ್ತು. ಮಗ ಚಿಲಕ ಹಾಕಿಕೊಂಡ ಹದಿನಾಲ್ಕು ತಿಂಗಳಲ್ಲಿ ಆ ಖಾಲಿ ಲೋಟ ನೋಡಿಯೇ ಅವಳು ದಿನ ದೂಡಿದ್ದಳು. ಲೋಟ ಇಟ್ಟ ಮೇಲೆ ಬಾಗಿಲು ತಟ್ಟುವುದು, ತಟ್ಟಿದ ಮೇಲೆ ಕರೆಯುವುದು, ಕರೆದ ಮೇಲೆ ಬಾಗಿಲಿಗೆ ಕಿವಿಕೊಟ್ಟು ನಿಲ್ಲುವುದು. ಡಾಕ್ಟರು ಬೇಡವೆಂದದ್ದನ್ನು ಅವಳು ದಿನಕ್ಕೆ ಐದಾರು ಸಲ ಮಾಡುತ್ತಿದ್ದಳು. ಹೆತ್ತವಳಿಗೆ ಸುಮ್ಮನಿರುವುದನ್ನು ಯಾವ ಡಾಕ್ಟರು ಕಲಿಸಿಯಾನು?

ಮಗ ಹೊರಗೆ ಬರುತ್ತಿದ್ದದ್ದು ತೊಟ್ಟಿಗಾಗಿ. ಮಧ್ಯಾಹ್ನ ಒಂದು ಗಂಟೆ, ಸಂಜೆ ಒಂದು ಗಂಟೆ. ಆಗ ಅವನ ಮುಖದಲ್ಲಿ ಒಂದು ಗೆಲುವು ಇರುತ್ತಿತ್ತು. ಕಾಲೇಜಿನ ಮೊದಲ ವರ್ಷ ಹೆಬ್ಬೆರಳಿನಷ್ಟು ತಂದದ್ದು ಈಗ ಊಟದ ತಟ್ಟೆಯಷ್ಟಗಲ ಆಗಿತ್ತು, ಮೆತ್ತನೆಯ ಒಂದು ಹವಳ. ಕೆಳಗೆ ದಪ್ಪ ಕಾಂಡ, ಮೇಲೆ ಕೊಡೆ, ಕೊಡೆಯ ತುಂಬ ಬೆರಳುದ್ದದ ಎಳೆಗಳು. ಜಯಲತಾ ಅದಕ್ಕೆ ಅಣಬೆ ಎಂದು ಹೆಸರಿಟ್ಟಿದ್ದಳು. ಕಲ್ಲಿನ ಮೇಲೆ ಹಸಿರಾಗಿ ಹಬ್ಬಿದ್ದಕ್ಕೆ ಗರಿಕೆ. ಸಣ್ಣ ಹೂವಿನ ಹಾಗೆ ಗುಂಪುಗುಂಪಾಗಿದ್ದದ್ದಕ್ಕೆ ಸೇವಂತಿಗೆ. ಹೆಸರಿಟ್ಟಳೇ ಹೊರತು ಕಣ್ಣಿಟ್ಟು ನೋಡಿದವಳಲ್ಲ. ಅವಳು ನೋಡುತ್ತಿದ್ದದ್ದು ಗಾಜಿನಲ್ಲಿ ಬೀಳುವ ಮಗನ ಮುಖವನ್ನು.

ಗರಿಕೆಯ ದೆಸೆಯಿಂದ ಮನೆಗೆ ಲತೀಶ್ ಬಂದ. ಹವಳ ಸಾಕುವವರ ಒಂದು ವಾಟ್ಸಾಪ್ ಗುಂಪಿನಲ್ಲಿ ಅಕ್ಷಿತ್ ಫೋಟೋ ಹಾಕುತ್ತಿದ್ದನಂತೆ. ಹೆಚ್ಚಾಗಿ ಬೆಳೆದದ್ದನ್ನು ಕತ್ತರಿಸಿ ತೆಗೆದೆ, ಬೇಕಾದವರು ಒಯ್ಯಬಹುದು ಎಂದು ಬರೆದದ್ದಕ್ಕೆ ಡೊಂಬಿವಲಿಯಿಂದ ಸ್ಕೂಟರಿನಲ್ಲಿ ಬಕೆಟ್ಟು ಕಟ್ಟಿಕೊಂಡು ಬಂದವನು ಇವನು. ಮಲ್ಪೆ ಕಡೆಯವನು, ಮೂವತ್ತರ ಆಚೀಚೆ, ಆಸ್ಪತ್ರೆ ಹೋಟೆಲುಗಳಲ್ಲಿ ತೊಟ್ಟಿ ಕೂರಿಸಿ ನೋಡಿಕೊಳ್ಳುವುದೇ ಕೆಲಸ. ಅವನು ಬೆಲ್ಲು ಒತ್ತಿದಾಗ ಅಕ್ಷಿತ್ ತಾನೇ ಬಂದು ಬಾಗಿಲು ತೆರೆದ. ಅಡುಗೆಮನೆಯಲ್ಲಿ ನಿಂತು ನೋಡಿದ ಜಯಲತಾಳ ಕೈಯಲ್ಲಿ ದೋಸೆಯ ಸಟ್ಟುಗ ಹಾಗೇ ನಿಂತಿತು, ದೋಸೆ ಸೀದುಹೋಯಿತು.

ಲತೀಶ್ ತಿಂಗಳಿಗೊಮ್ಮೆ ಬರತೊಡಗಿದ. ಒಂದು ದಿನ ಅಣಬೆಯನ್ನು ತುಂಬ ಹೊತ್ತು ನೋಡಿ ಹೇಳಿದ: "ಆಂಟಿ, ನಿಮ್ಮ ಮಗನ ಕೈಗುಣ ನಂಗೆ ಇಲ್ಲ. ಇದನ್ನು ಕಟ್ ಮಾಡಿದ್ರೆ ಇಪ್ಪತ್ತು ಮರಿ ಆಗ್ತದೆ. ಇವ ಇಲ್ಲಿ ಬೆಳೆಸ್ಲಿ, ನಾನು ಹೊರಗೆ ಓಡಾಡ್ತೇನೆ. ಇಬ್ರೂ ಸೇರಿ ವ್ಯಾಪಾರ ಮಾಡುವ."

ಶುರುವಿಗೆ ಕಲ್ಯಾಣದಲ್ಲೊಂದು ಕೆಲಸವಿತ್ತು. ಹೊಸ ಮದುವೆ ಹಾಲಿನ ಬಾಗಿಲಲ್ಲಿ ಆರಡಿಯ ತೊಟ್ಟಿ. ಹತ್ತು ದಿನ ಡೊಂಬಿವಲಿಯಲ್ಲಿ ಲತೀಶನ ಮನೆಯಲ್ಲೇ ಉಳಿದು ಮಾಡಬೇಕು. ಅಕ್ಷಿತ್ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ಅಡುಗೆಮನೆಗೆ ಬಂದು, "ಅಮ್ಮ, ಟ್ಯಾಂಕ್ ನೀನು ಸಂಭಾಲಿಸ್ತೀಯಾ?" ಎಂದು ಕೇಳಿದ.

ಸಂಭಾಲಿಸುತ್ತೀಯಾ ಅಂತೆ. ಸಮುದ್ರವನ್ನೇ ಸಂಭಾಲಿಸು ಎಂದಿದ್ದರೂ ಅವಳು ಹೂಂ ಅನ್ನುತ್ತಿದ್ದಳು.

ಹೊರಡುವ ಹಿಂದಿನ ಸಂಜೆ ಅವನು ಅವಳನ್ನು ತೊಟ್ಟಿಯ ಮುಂದೆ ಕೂರಿಸಿ ಪಾಠ ಮಾಡಿದ. ತೋಳು ಮಡಚಿ ಒಳಗೆ ಕೈ ಹಾಕಿ, ಬ್ಲೇಡಿನಿಂದ ಗರಿಕೆಯ ಅಂಚನ್ನು ಕಲ್ಲಿನಿಂದ ಎಬ್ಬಿಸಿ, ಕಾರ್ಪೆಟ್ಟು ಸುರುಳಿ ಮಾಡಿದಂತೆ ಎಳೆದು ತೆಗೆದ. "ಇದನ್ನು ಬಿಟ್ರೆ ಎಲ್ಲ ತಿಂದುಹಾಕ್ತದೆ, ಅಮ್ಮ. ಸೇವಂತಿಗೆ ಮೇಲೆ ಹತ್ತಿ ಅದರ ಉಸಿರು ಕಟ್ಟಿಸ್ತದೆ. ಅಣಬೆ ಅಂತೂ ಪಕ್ಕದವರಿಗೆ ನೀರಿನಲ್ಲೇ ವಿಷ ಬಿಡ್ತದೆ. ಅದಕ್ಕೇ ಪ್ರತಿಯೊಂದಕ್ಕೂ ಮಧ್ಯೆ ಒಂದು ಗೇಣು ಜಾಗ. ಮೈ ತಾಗಿತು ಅಂದ್ರೆ ಎರಡರಲ್ಲಿ ಒಂದು ಹೋಯ್ತು."

"ಅಬ್ಬ, ಎಂಥ ಜಂಭ ಇವಕ್ಕೆ" ಎಂದು ಜಯಲತಾ ನಕ್ಕಳು. "ನಾವು ಮದುವೆ ಆದ ಹೊಸತರಲ್ಲಿ ಡೊಂಬಿವಲಿಯ ಒಂದು ರೂಮಿನಲ್ಲಿ ಏಳು ಜನ ಇದ್ದೆವು. ಮೈ ಕೈ ತಾಗಿಯೇ ಇದ್ದದ್ದು. ಯಾರೂ ಸಾಯ್ಲಿಲ್ಲ."

"ಸಾಯ್ಲಿಲ್ಲ ಅಂತ ನಿಂಗೆ ಹೇಗೆ ಗೊತ್ತು?" ಎಂದ ಅಕ್ಷಿತ್. ತಮಾಷೆಗೆ ಹೇಳಿದನೋ ನಿಜಕ್ಕೋ ತಿಳಿಯಲಿಲ್ಲ. ಅವನ ಮುಖ ನೀರಿನ ಕಡೆಗಿತ್ತು.

ಕನ್ನಡ ಬರೆಯಲು ಬಾರದವನು ಹಿಂದಿಯಲ್ಲಿ ಒಂದು ಚೀಟಿ ಬರೆದು ಗಾಜಿಗೆ ಅಂಟಿಸಿದ. ಏಳು ಸಾಲು. ದೀಪ ಹಾಕುವ ಹೊತ್ತು, ಮೀನಿಗೆ ಚಿಟಿಕೆ ಆಹಾರ, ಅಂಥವು. ಐದನೆಯದು ನೀರಿನ ಸಾಲು: ಆರಿ ಹೋದಷ್ಟು ನೀರನ್ನು ದಿನವೂ ಗಾಜಿನ ಮೇಲೆ ಎಳೆದ ಗೆರೆಯ ತನಕ ತುಂಬಬೇಕು, ಸ್ಟ್ಯಾಂಡಿನ ಕೆಳಗಿಟ್ಟ ಎರಡು ಕ್ಯಾನಿನ ಫಿಲ್ಟರ್ ನೀರು ಮಾತ್ರ, ನಲ್ಲಿಯದು ಖಂಡಿತ ಬೇಡ. ಏಳನೆಯದು: ಏನಾದರೂ ಮುಚ್ಚಿಕೊಂಡರೆ ಮುಟ್ಟಬೇಡ, ತಾನಾಗಿ ತೆರೆಯುತ್ತದೆ.

"ಮರಿ ಕಟ್ ಮಾಡುದು ಬಂದ ಮೇಲೆ" ಎಂದ. "ಈಗ ಕಟ್ ಮಾಡಿ ಬಿಟ್ಟುಹೋದ್ರೆ ನೋಡ್ಕೊಳ್ಳುವವರು ಬೇಕು."

ಮರುದಿನ ಅವನು ಮೆಟ್ಟಿಲು ಇಳಿದು ಹೋದ. ಜಯಲತಾ ಬಾಲ್ಕನಿಯಿಂದ ನೋಡಿದಳು. ಗೇಟಿನ ಹತ್ತಿರ ಒಮ್ಮೆ ನಿಂತು, ಚೀಲದ ಪಟ್ಟಿ ಸರಿಮಾಡಿಕೊಂಡು, ಸ್ಟೇಷನ್ ಕಡೆ ತಿರುಗಿದ. ಅವಳು ಒಳಗೆ ಬಂದು ದೇವರಿಗೆ ದೀಪ ಹಚ್ಚಿ, ತೊಟ್ಟಿಗೂ ಒಂದು ಕೈಮುಗಿದಳು. ಈ ಹತ್ತು ದಿನ ಇದೊಂದು ಚೆನ್ನಾಗಿದ್ದರೆ ಮಗ ಉಳಿದುಕೊಂಡ ಎಂದು ಅವಳ ಮನಸ್ಸು ಹೇಳಿತು. ಅದು ತಪ್ಪೂ ಆಗಿರಲಿಲ್ಲ.

ಮೂರು ದಿನ ಎಲ್ಲ ಸರಿ. ಸಂಜೆ ಏಳಕ್ಕೆ ಫೋನು ಬರುತ್ತಿತ್ತು. ಮೊದಲ ದಿನ ಎರಡು ಮಾತು, ಎರಡನೆಯ ದಿನ ಐದು ನಿಮಿಷ. ಮೂರನೆಯ ದಿನ ಅಕ್ಷಿತ್ ನಕ್ಕ. ಲತೀಶ್ ಏಣಿಯಿಂದ ಜಾರಿ ಉಪ್ಪಿನ ಮೂಟೆಯ ಮೇಲೆ ಬಿದ್ದನಂತೆ, ಅದನ್ನು ಹೇಳುತ್ತ ಹೇಳುತ್ತ ನಕ್ಕ. ಜಯಲತಾ ಫೋನಿಟ್ಟು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಹದಿನಾಲ್ಕು ತಿಂಗಳಾಗಿತ್ತು ಆ ನಗು ಕೇಳಿ.

ನಾಲ್ಕನೆಯ ದಿನ ಬೆಳಿಗ್ಗೆ ಅಣಬೆ ಮುಚ್ಚಿಕೊಂಡಿತು. ಕೊಡೆಯ ಮೇಲಿನ ಎಳೆಗಳೆಲ್ಲ ಒಳಗೆ ಹೋಗಿ ಬೋಳಾಗಿ, ಮೇಣ ಬಳಿದಂತೆ ಮಂಕಾಗಿ, ಅಂಚು ಒಳಗೆ ಮಡಚಿ ನಿಂತಿತ್ತು. ಮಗನ ತೊಟ್ಟಿ ಮಗನನ್ನೇ ತೋರಿಸುತ್ತಿದೆ ಎಂದುಕೊಂಡಳು. ಏಳನೆಯ ಸಾಲನ್ನು ಓದಿದಳು. ಮುಟ್ಟಬೇಡ. ತಾನಾಗಿ ತೆರೆಯುತ್ತದೆ. ಡಾಕ್ಟರೂ ಇದನ್ನೇ ಹೇಳಿದ್ದರಲ್ಲ, ತಾನಾಗಿ ಅಂತ, ಹದಿನಾಲ್ಕು ತಿಂಗಳಲ್ಲಿ ಯಾವುದು ತಾನಾಗಿ ತೆರೆದಿತ್ತು?

ಅವಳು ಮುಟ್ಟಲಿಲ್ಲ. ನೀರಿನ ಬಗ್ಗೆ ಯೋಚಿಸಿದಳು ಅಷ್ಟೆ. ಕ್ಯಾನಿನ ಮುಚ್ಚಳ ತೆಗೆದು ಮೂಸಿದರೆ ಪ್ಲಾಸ್ಟಿಕ್ಕಿನ ವಾಸನೆ. ನಾಲ್ಕು ದಿನದಿಂದ ಮುಚ್ಚಿಟ್ಟ ನೀರು. ಫಿಲ್ಟರ್ ನೀರೇ ಬೇಕು ಎಂದಿದ್ದಾನೆ, ಸರಿ, ಅದನ್ನೇ ಕೊಡುವ, ಆದರೆ ಒಂದು ರಾತ್ರಿ ಒಳ್ಳೆಯ ಪಾತ್ರೆಯಲ್ಲಿಟ್ಟು ಕೊಡುವ. ಅಂದು ಶುಕ್ರವಾರ. ಕೊಡಪಾನವನ್ನು ಹುಣಸೆಹುಳಿ ಹಾಕಿ ಎಂದಿಗಿಂತ ಹೆಚ್ಚು ತಿಕ್ಕಿದಳು, ಒಳಗೂ ಹೊರಗೂ. ಕ್ಯಾನಿನ ನೀರನ್ನು ಅದಕ್ಕೆ ಸುರಿದು, ಮೇಲೆ ತಟ್ಟೆ ಮುಚ್ಚಿ, ತೊಟ್ಟಿಯ ಪಕ್ಕದಲ್ಲೇ ಇಟ್ಟಳು.

ಪಕ್ಕದ ಮನೆಯ ನೀಲಗಂಗಾ, ವಿಜಾಪುರದ ಕಡೆಯವಳು, ಮೊಸರು ಕೇಳಲು ಬಂದವಳು ನೋಡಿದಳು. "ಏನ್ರೀ ಅಕ್ಕಾರ, ಮೀನಿಗೂ ತಾಮ್ರದ ನೀರೇನು?"

"ಅದು ಸೊರಗಿದೆ ನೀಲಕ್ಕ. ಕ್ಯಾನಿನ ನೀರು ಹಿಡಿಸ್ಲಿಲ್ಲ ಕಾಣ್ತದೆ."

"ಛಲೋ ಮಾಡೀರಿ ಬಿಡ್ರಿ. ಪ್ಲಾಸ್ಟಿಕ್‌ನ್ಯಾಗಿನ ನೀರು ಮನಷ್ಯಾರಿಗೇ ಆಗಂಗಿಲ್ಲ, ಇನ್ನ ಆ ಮೂಕ ಜೀವಕ್ಕ ಹೆಂಗ ಆದೀತು? ನಮ್ಮತ್ತಿ ತೊಂಬತ್ತ ವರ್ಷ ಬದುಕಿದ್ಲು, ತಾಮ್ರದ ತಂಬಿಗಿ ಬಿಟ್ಟು ಬ್ಯಾರೆದರಾಗ ನೀರು ಕುಡೀಲಿಲ್ಲ ನೋಡ್ರಿ."

ಇಬ್ಬರು ತಿಳಿದ ಹೆಂಗಸರು ಒಪ್ಪಿದ ಮೇಲೆ ಇನ್ನೇನು ಬಾಕಿ? ಮರುದಿನ ಬೆಳಿಗ್ಗೆ ಜಯಲತಾ ಸೌಟಿನಿಂದ ಆ ನೀರನ್ನು ಗೆರೆಯ ತನಕ ತುಂಬಿದಳು. ಅರ್ಧ ಸೌಟನ್ನು ಅಣಬೆಯ ನೇರ ತಲೆಯ ಮೇಲೆಯೇ ಬಿಟ್ಟಳು, ತಲೆಗೆ ಎಣ್ಣೆ ಇಟ್ಟಂತೆ.

ಆ ಸಂಜೆ ಅಕ್ಷಿತ್ ಫೋನಿನಲ್ಲಿ ಕೇಳಿದ, "ಅಣಬೆ ಹೇಗುಂಟು, ಅಮ್ಮ?"

ಕಲ್ಯಾಣದ ತೊಟ್ಟಿಯಲ್ಲಿ ಅವತ್ತು ಮೊದಲ ಸಲ ನೀರು ತುಂಬಿದ್ದರಂತೆ. ಮದುವೆ ಹಾಲಿನ ಯಜಮಾನ ಬೆನ್ನು ತಟ್ಟಿದ್ದನಂತೆ. ಮುಚ್ಚಿಕೊಂಡಿದೆ ಎಂದರೆ ಮಗ ಎಲ್ಲ ಬಿಟ್ಟು ಮುಂದಿನ ಟ್ರೇನು ಹಿಡಿದು ಬರುತ್ತಾನೆ, ಬಂದವನು ಮತ್ತೆ ಹೋಗುವುದಿಲ್ಲ. ಜಯಲತಾಳಿಗೆ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು.

"ಚೆಂದ ಅರಳಿದೆ ಮಗಾ" ಎಂದಳು.

"ಒಂದು ಫೋಟೋ ಹಾಕು."

ಮೊದಲ ದಿನ ತೆಗೆದಿಟ್ಟಿದ್ದ ಫೋಟೋ ಇತ್ತು. ಅದನ್ನು ಕಳಿಸಿದಳು. ಅವನು ಒಂದು ಹೃದಯದ ಚಿತ್ರ ಕಳಿಸಿದ. ಮುಚ್ಚಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ಹಾವಿನ ಹಾಗೆ ಪೊರೆ ಬಿಡುತ್ತದೆ, ಅಮ್ಮ, ಮೂರು ನಾಲ್ಕು ತಿಂಗಳಿಗೊಮ್ಮೆ ಐದು ದಿನ ಹಾಗೇ ಇರುತ್ತದೆ, ಏನೂ ಮಾಡಬೇಡ ಎಂದು ಅವನು ನಗುತ್ತಲೇ ಹೇಳುತ್ತಿದ್ದ. ನಾಲ್ಕೈದು ವರ್ಷ ಅದೇ ಹಾಲನ್ನು ಗುಡಿಸಿ ಒರೆಸಿದವಳು ಅದು ಮುಚ್ಚಿ ತೆರೆದದ್ದನ್ನು ಒಮ್ಮೆಯೂ ಗಮನಿಸಿರಲಿಲ್ಲ.

ಆರನೆಯ ದಿನ ಸೇವಂತಿಗೆ ಮುಚ್ಚಿತು. ನೀರು ಇನ್ನೂ ನಾಟಿಲ್ಲ ಎಂದುಕೊಂಡು ಬೆಳಿಗ್ಗೆ ಸಂಜೆ ಎರಡು ಹೊತ್ತೂ ತುಂಬಿದಳು, ಇದ್ದ ನೀರು ಬೇಗ ಆರಿ ಇನ್ನಷ್ಟು ತುಂಬಲು ಬರಲೆಂದು ಫ್ಯಾನನ್ನು ತೊಟ್ಟಿಯ ಕಡೆ ತಿರುಗಿಸಿದಳು. ಏಳನೆಯ ದಿನ ಗರಿಕೆಯ ಹಸಿರು ಕಾಣಲಿಲ್ಲ, ಬರೀ ನೇರಳೆ ಬಣ್ಣದ ಚರ್ಮ. ಎಲ್ಲವನ್ನೂ ತಿಂದುಹಾಕುತ್ತದೆ ಎಂದು ಮಗ ಹೆದರಿಸಿದ್ದ ಗರಿಕೆ. ಆದರೆ ಮೀನುಗಳೆರಡೂ ಲವಲವಿಕೆಯಿಂದ ಓಡಾಡುತ್ತಿದ್ದವು, ಅವಳ ಬೆರಳು ಕಂಡರೆ ಮೇಲೆ ಬರುತ್ತಿದ್ದವು. ನೀರು ಕೆಟ್ಟಿದ್ದರೆ ಮೀನು ಹೀಗಿರುತ್ತಿತ್ತೇ? ಮೀನು ನೋಡಿ ಅವಳು ಧೈರ್ಯ ತಂದುಕೊಂಡಳು, ಮತ್ತೊಂದು ಕೊಡಪಾನ ತುಂಬಿಟ್ಟಳು.

ಎಂಟನೆಯ ದಿನ, ಗಾಜಿನ ಪಾಚಿ ತಿನ್ನಲೆಂದು ಮಗ ಬಿಟ್ಟಿದ್ದ ಶಂಖದ ಹುಳುಗಳು ತಳದಲ್ಲಿ ಅಂಗಾತ ಬಿದ್ದಿದ್ದವು. ಹೋಟೆಲಿಂದ ಬಂದ ಜಯಶೀಲ ಅಂಗಿ ಬಿಚ್ಚುತ್ತಿದ್ದವನು ಮೂಗು ಮುರಿದ. "ಎಂಥದು ವಾಸನೆ? ಬೊಂಡಾಸ್ ಮೀನು ಕೊಳೆತ ಹಾಗೆ."

ಬಂದು ನೋಡಿದ. ತೊಟ್ಟಿಯನ್ನು ಕಂಡರಾಗದ ಮನುಷ್ಯ, ಅದರ ಮುಂದೆ ಒಂದು ಮೊಣಕಾಲೂರಿ ಕೂತ. "ಜಯಾ, ಫೋನ್ ಮಾಡುವ ಅವನಿಗೆ."

"ಬೇಡ."

"ಬಂದ ಮೇಲೆ ನೋಡಿದ್ರೆ ಎಂತ ಆಗ್ತದೆ ಅಂತ ಯೋಚ್ನೆ ಮಾಡಿದ್ದೀಯಾ?"

"ಅವ ನಗ್ತಾ ಇದ್ದಾನೆ" ಎಂದಳು ಜಯಲತಾ. "ನಾಡಿದ್ದು ಕೆಲಸ ಮುಗೀತದೆ. ಎರಡು ದಿನ ನಗ್ಲಿ. ಅಷ್ಟರಲ್ಲಿ ಇದು ಸರಿ ಆಗ್ಲಿಕ್ಕೂ ಸಾಕು."

ಜಯಶೀಲನಿಗೂ ಆ ನಗು ಬೇಕಾಗಿತ್ತು. ಸಂಜೆ ಏಳರ ಫೋನು ಮುಗಿಯುವ ಹೊತ್ತಿಗೆ ಈಚೆಗೆ ಅವನು ಗಲ್ಲಾ ಬಿಟ್ಟು ಹೋಟೆಲಿನ ಹಿಂದಿನ ಓಣಿಗೆ ಬಂದು, ತಾನೇ ಮಗನಿಗೆ ಇನ್ನೊಂದು ಫೋನು ಮಾಡುತ್ತಿದ್ದ, ಹೆಂಡತಿಗೆ ಹೇಳದೆ. ಬಾಗಿ ಕೊಡಪಾನವನ್ನು ಎತ್ತಿ ನೋಡಿ, "ನೀರು ಸಾಕಾ? ಇನ್ನೊಂದು ಕ್ಯಾನ್ ತರ್ಬೇಕಾ?" ಎಂದಷ್ಟೇ ಕೇಳಿದ.

ಹತ್ತನೆಯ ದಿನ ಮಧ್ಯಾಹ್ನ ಅಕ್ಷಿತ್ ಬಂದ. ಹಿಂದೆ ಲತೀಶ್, ಕೈಯಲ್ಲಿ ಹೊಸ ಕತ್ತರಿ, ಮರಿಗಳನ್ನು ಅಂಟಿಸುವ ಸಣ್ಣ ಬಿಲ್ಲೆಗಳ ಪೊಟ್ಟಣ. ಅಕ್ಷಿತ್ ಹೊಸ ಅಂಗಿ ಹಾಕಿದ್ದ, ಬಿಸಿಲಿಗೆ ಕಪ್ಪಾಗಿದ್ದ, ಬಾಗಿಲಲ್ಲೇ "ಅಮ್ಮ, ಹಸಿವು" ಎಂದ. ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು. ಜಯಲತಾ ತೊಟ್ಟಿಗೆ ಅಡ್ಡವಾಗಿ ನಿಂತಿದ್ದಳು. ಹೆಂಗಸು ಅಡ್ಡ ನಿಂತರೆ ಎರಡೂವರೆ ಅಡಿ ಮರೆಯಾಗುತ್ತದೆಯೇ?

ಅವನು ಅವಳನ್ನು ಭುಜ ಹಿಡಿದು ಮೆಲ್ಲನೆ ಬದಿಗೆ ಸರಿಸಿದ.

ಅಣಬೆಯ ಕೊಡೆ ಕರಗಿ ಕಾಂಡದಿಂದ ಜೋತು ಬಿದ್ದಿತ್ತು. ಸೇವಂತಿಗೆಯ ಜಾಗದಲ್ಲಿ ಬಿಳಿ ಲೋಳೆ. ಗರಿಕೆ ಕಂದುಗಟ್ಟಿ ಕಲ್ಲಿನಿಂದ ಬಿಟ್ಟುಕೊಂಡು ಅಲೆಯಲ್ಲಿ ಅಲ್ಲಾಡುತ್ತಿತ್ತು. ಮೀನುಗಳು ಮಾತ್ರ ಯಜಮಾನ ಬಂದನೆಂದು ಗಾಜಿನ ಬಳಿ ಬಂದು ಕುಣಿದವು. ಅಕ್ಷಿತ್ ನೋಡಿದ. ಆಮೇಲೆ ಅವನ ಕಣ್ಣು ಪಕ್ಕದಲ್ಲಿ ಫಳಫಳ ಹೊಳೆಯುತ್ತಿದ್ದ ಕೊಡಪಾನದ ಮೇಲೆ, ಅದರ ಮೇಲಿನ ಸೌಟಿನ ಮೇಲೆ ಬಿತ್ತು.

"ಅಮ್ಮ, ನೀರು ಇದರಲ್ಲಿ ಇಟ್ಟಿದ್ದಾ?"

"ಕ್ಯಾನಿನದ್ದೇ ಮಗಾ. ನಲ್ಲಿದು ಒಂದು ಹನಿ ಹಾಕ್ಲಿಲ್ಲ. ಅದು ಸೊರಗಿತು, ಅದಕ್ಕೆ ಇದರಲ್ಲಿಟ್ಟು..."

ಲತೀಶ್ ಕಣ್ಣು ಮುಚ್ಚಿಕೊಂಡ. ಅಕ್ಷಿತ್ ನೀರಿಗೆ ಕೈ ಹಾಕಿ ಅಣಬೆಯ ಕಾಂಡ ಮುಟ್ಟಿದ, ಅದು ಬೆರಳಿನಲ್ಲೇ ಕಳಚಿ ಬಂತು. ಕೈ ಹೊರಗೆ ತೆಗೆದು, ಹೊಸ ಅಂಗಿಗೆ ಒರೆಸಿಕೊಂಡು, "ಸ್ವಲ್ಪ ಮಲಗ್ತೇನೆ" ಎಂದ. ಬೆಡ್‌ರೂಮಿನ ಬಾಗಿಲು ಮುಚ್ಚಿತು, ಚಿಲಕದ ಸದ್ದಾಯಿತು.

ಲತೀಶ್ ಒಂದು ಗಂಟೆ ಕೂತ. ಚಾ ತಣ್ಣಗಾಯಿತು. ಅವನೇ ತಗ್ಗಿದ ಸ್ವರದಲ್ಲಿ ಹೇಳಿದ: "ತಾಮ್ರ ಇವಕ್ಕೆ ವಿಷ, ಆಂಟಿ. ಮೀನಿಗೆ ಹುಳ ಬಿದ್ರೆ ನಾವು ಅದನ್ನೇ ಔಷಧಿ ಅಂತ ಹಾಕುದು, ಮೀನು ತಡೀತದೆ. ಹವಳ ತಡಿಯುದಿಲ್ಲ. ಫಿಲ್ಟರ್ ನೀರು ಬೇರೆ, ಅದು ಪಾತ್ರೆಯಿಂದ ತಾಮ್ರ ಜಾಸ್ತಿ ಎಳೀತದೆ."

"ತೊಳೆದ್ರೆ ಹೋಗುದಿಲ್ವಾ? ನಾನು ಆ ಕಲ್ಲೆಲ್ಲ ತಿಕ್ಕಿ ಕೊಡ್ತೇನೆ."

"ಕಲ್ಲು ಕುಡಿದಿರ್ತದೆ. ಇನ್ನು ಅದರ ಮೇಲೆ ಎಂತದೂ ನಿಲ್ಲುದಿಲ್ಲ."

"ಆ ಅಣಬೆಯ ಒಂದು ಮರಿ ನಿನ್ನಲ್ಲಿ ಇಲ್ವಾ?"

ಅವನು ಕೈಯಲ್ಲಿದ್ದ ಕತ್ತರಿಯನ್ನು ನೋಡಿದ. "ಇವತ್ತು ಮಾಡುದಿತ್ತು" ಎಂದ.

ಹೋಗುವಾಗ ಬಾಗಿಲ ಹತ್ತಿರ ನಿಂತು ಒಳಗಿನವನಿಗೆ ಹೇಳಿದ, ಗರಿಕೆ ತನ್ನಲ್ಲಿದೆ, ವಾಪಸು ಕೊಡುತ್ತೇನೆ, ಹೊಸ ಕಲ್ಲು ಹೊಸ ತೊಟ್ಟಿ ಮಾಡುವ, ಸೋಮವಾರ ಠಾಣೆಯಲ್ಲಿ ಒಂದು ಕೆಲಸ ಉಂಟು, ಬಾ ಎಂದು. ಸೋಮವಾರ ಅವನು ಗೇಟಿನಲ್ಲಿ ಅರ್ಧ ಗಂಟೆ ಕಾದು ಒಬ್ಬನೇ ಹೋದ. ಮುಂದಿನ ವಾರ ಮೀನುಗಳನ್ನು ಒಯ್ಯಲು ಬಂದ. ಆಮೇಲೆ ಫೋನು ಮಾಡಿದ, ಆಮೇಲೆ ಅದೂ ನಿಂತಿತು. ಅವನಿಗೂ ಹೊಟ್ಟೆಪಾಡು ಉಂಟಲ್ಲ.

ಮೊದಲ ಸಂಜೆ ಜಯಲತಾ ಬಾಗಿಲಿಗೆ ಹಣೆ ಹಚ್ಚಿ ಹೇಳಿದ್ದಳು: "ನಾನೇ ಕೊಂದದ್ದು ಮಗಾ. ಸುಳ್ಳು ಫೋಟೋನೂ ನಾನೇ ಕಳಿಸಿದ್ದು. ನಂಗೆ ಬೈ. ಎರಡು ಬಡಿ ಬೇಕಾದ್ರೆ. ಬಾಗಿಲು ತೆಗಿ."

ಒಳಗಿನಿಂದ ಅವನ ದನಿ ಬಂತು. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ನೀನು ಎಂತ ಮಾಡಿದ್ದೀ ಅಮ್ಮ? ನೀರು ಕೊಟ್ಟಿದ್ದೀ ಅಷ್ಟೆ. ನಂಗೂ ಕೊಡ್ತಿದ್ದೀಯಲ್ಲ."

ಅದರ ಮೇಲೆ ಅವನು ಮಾತಾಡಲಿಲ್ಲ.

ಕೊಡಪಾನ ಈಗ ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟಿದೆ. ಬಾಗಿಲ ಮುಂದೆ ಸ್ಟೀಲಿನ ಲೋಟ. ಊಟದ ತಟ್ಟೆ ಒಳಗೆ ಹೋಗುತ್ತದೆ, ಅರ್ಧ ಹೊರಗೆ ಬರುತ್ತದೆ. ತೊಟ್ಟಿಯಲ್ಲಿ ನೀರು ಹಾಗೇ ನಿಂತಿದೆ, ಜಯಶೀಲ ಅದನ್ನು ಎತ್ತಿಸುವ ಮಾತು ಆಡುತ್ತಿಲ್ಲ. ಬೋಳು ಕಲ್ಲು, ಈ ತುದಿಯಿಂದ ಆ ತುದಿಗೆ ಜಾಗವೇ ಜಾಗ, ಗೇಣು ಅಳೆಯುವ ಕೆಲಸ ಯಾರಿಗೂ ಇಲ್ಲ. ಬಂದ ನೆಂಟರು ಈಗ ಅದರ ಬಗ್ಗೆ ಕೇಳುವುದಿಲ್ಲ.

ಚೀಟಿ ಮಾತ್ರ ಗಾಜಿನ ಮೇಲಿದೆ. ಒಂದರಿಂದ ಆರು ಸಾಲಿಗೆ ಇನ್ನು ಅರ್ಥವಿಲ್ಲ. ಏಳನೆಯದನ್ನು ಜಯಲತಾ ದಿನವೂ ಓದುತ್ತಾಳೆ. ಏನಾದರೂ ಮುಚ್ಚಿಕೊಂಡರೆ ಮುಟ್ಟಬೇಡ, ತಾನಾಗಿ ತೆರೆಯುತ್ತದೆ. ಒಮ್ಮೆ ಆ ಮಾತು ಮೀರಿ ಏನಾಯಿತೆಂದು ಅವಳಿಗೆ ಗೊತ್ತು, ಹಾಗಾಗಿ ಈ ಸಲ ಮೀರುವುದಿಲ್ಲ. ಬಾಗಿಲು ತಟ್ಟುವುದಿಲ್ಲ, ಕರೆಯುವುದಿಲ್ಲ, ಕಿವಿಕೊಟ್ಟು ನಿಲ್ಲುವುದಿಲ್ಲ. ಲೋಟ ಇಟ್ಟು, ಬಾಗಿಲಿನಿಂದ ಒಂದು ಗೇಣು ದೂರ ಸರಿದು, ನೆಲದ ಮೇಲೆ ಕೂರುತ್ತಾಳೆ. ತಟ್ಟಿದರೆ ಕೊಲ್ಲುತ್ತೇನೋ, ತಟ್ಟದೆ ಕೊಲ್ಲುತ್ತಿದ್ದೇನೋ ಎಂದು ಯೋಚಿಸುತ್ತಾಳೆ, ಹೇಳಿಕೊಡುವವರು ಯಾರೂ ಇಲ್ಲ. ಅಣಬೆ ಮುಚ್ಚಿದರೆ ಐದು ದಿನಕ್ಕೆ ತೆರೆಯುತ್ತದೆ ಎಂದು ಆ ಮಧ್ಯಾಹ್ನ ಚಾ ಮುಂದಿಟ್ಟುಕೊಂಡು ಹೇಳಿದ್ದ ಲತೀಶ್. ಇವತ್ತಿಗೆ ನಲವತ್ತೊಂದು ದಿನ. ಹತ್ತು ಗಂಟೆ ದಾಟಿದೆ, ಲೋಟದ ನೀರು ಇಟ್ಟಷ್ಟೇ ಇದೆ.